ಗಣಕಯಂತ್ರದ ಮೂರು ಕೂಗು

ಹಳೆಯ ಗಣಕಯಂತ್ರ ಮನೆಯಲ್ಲಿರುವವರು ಗಮನಿಸಿರಬಹುದು: ಗುಂಡಿ ಒತ್ತಿದ ಕೆಲವು ಕ್ಷಣಗಳಲ್ಲಿ ಅದು ಒಂದು ಸಲ, ಒಂದೇ ಒಂದು ಸಲ, ‘ಕೀಂ’ ಎಂದು ಚಿಕ್ಕದಾಗಿ ಕೂಗುತ್ತದೆ. ಒಳಗಿನ ಅಂಗಾಂಗಗಳೆಲ್ಲ ಸ್ವಸ್ಥಾನದಲ್ಲಿವೆ ಎಂಬ ಕ್ಷೇಮಸಮಾಚಾರವಂತೆ ಅದು. ಆದರೆ ಯಾರೂ ಕೇಳದೆಯೇ ತಾವು ಕ್ಷೇಮವೆಂದು ಹೇಳಿಕೊಳ್ಳುವವರನ್ನು ಕಂಡರೆ ನನಗೆ ಅನುಮಾನ. ಆದಕಾರಣ ದಿನವೂ ಆ ಕೂಗಿನ ಬೆನ್ನಿಗೆ ಇನ್ನೊಂದು ಬಂದೀತೆಂದು ಕಿವಿಗೊಟ್ಟು ಕುಳಿತಿರುತ್ತಿದ್ದೆ. ಬಾರದಿದ್ದರೆ, ಏನನ್ನೋ ಮುಚ್ಚಿಡುತ್ತಿದೆ ಎಂದುಕೊಳ್ಳುತ್ತಿದ್ದೆ.

ಈ ಅನುಮಾನ ನನ್ನ ಸ್ವಯಾರ್ಜಿತವಲ್ಲ, ಪಿತ್ರಾರ್ಜಿತ. ನಮ್ಮ ವಂಶದಲ್ಲಿ ಪದವಿಯ ಮುಖ ಕಂಡ ಮೊದಲಿಗ ನಾನು. ಪೆದ್ದಕಡುಬೂರಿನಲ್ಲಿ ಹೊಲ ಮಾಡಿಕೊಂಡಿದ್ದ ನಮ್ಮಪ್ಪನಿಗೆ ಅಕ್ಷರ ಬರುತ್ತಿರಲಿಲ್ಲ. ನನಗೆ ಒತ್ತಕ್ಷರ ಹಿಡಿತಕ್ಕೆ ಬಂದ ದಿನದಿಂದ ಆದೋನಿಯಿಂದ ತಂದ ಹತ್ತಿಬೀಜದ ಚೀಲ, ಮಾತ್ರೆಯ ಹಾಳೆ, ಹೀಗೆ ಮನೆಗೆ ಬಂದ ಅಕ್ಷರಸಹಿತ ವಸ್ತುಗಳೆಲ್ಲ ನನ್ನ ಮುಂದೆ ಹಾಜರಾಗುತ್ತಿದ್ದವು. “ಓದು ಮಗಾ, ಎಲ್ಲ್ಯಾರ ಮೋಸ ಐತೇನು ನೋಡು” ಎನ್ನುತ್ತಿದ್ದ. ಇಲ್ಲವೆಂದರೆ ಅವನ ಮುಖ ಬಾಡುತ್ತಿತ್ತು. “ಇನ್ನೊಮ್ಮಿ ಓದು” ಎನ್ನುತ್ತಿದ್ದ. ಇತರ ಮಕ್ಕಳು ಜ್ಞಾನಾರ್ಜನೆಗೆಂದು ಓದಿದರೆ ನಾನು ಮೋಸಾನ್ವೇಷಣೆಗೆಂದು ಓದಿದೆ. ಪದವಿ ಪ್ರಮಾಣಪತ್ರ ಕೈಗೆ ಬಂದಾಗಲೂ ನಾನು ಮೊದಲು ಮಾಡಿದ ಕೆಲಸವೆಂದರೆ ಅದನ್ನು ಬೆಳಕಿಗೆ ಹಿಡಿದು ನೋಡಿದ್ದು.

ಈಗ ನಾನು ತೆಲುಗು ಸೀಮೆಯ ಆ ಆದೋನಿಯಲ್ಲೇ ಒಂದು ಶಾಲೆಯಲ್ಲಿ ಕನ್ನಡ ಮಾಸ್ತರ. ಶಾಲಾ ಕಚೇರಿಯ ಯಂತ್ರಕ್ಕೆ ತೆಲುಗೂ ಇಂಗ್ಲಿಷೂ ಬರುತ್ತವೆಯೇ ಹೊರತು ಕನ್ನಡ ಬಾರದಾದ್ದರಿಂದ, ಕನ್ನಡದ ಪ್ರಶ್ನೆಪತ್ರಿಕೆಗಳೆಲ್ಲ ನಮ್ಮ ಮನೆಯ ಯಂತ್ರದಲ್ಲಿಯೇ ಅವತರಿಸಬೇಕು. ಅದಕ್ಕೋ ವಯಸ್ಸಾಗಿದೆ. ಅವ್ವ ಹೊಲಿದ ಪುಟ್ಟ ಕೌದಿಯನ್ನು ಹೊದ್ದು, ಹಣೆಯ ಜಾಗದಲ್ಲಿ ಮೂರು ಗೆರೆ ವಿಭೂತಿ ಧರಿಸಿ, ಜಪಕ್ಕೆ ಕುಳಿತ ವೃದ್ಧರಂತೆ ಅದು ಮೂಲೆಯಲ್ಲಿದೆ. ಇತ್ತೀಚೆಗೆ ನಾನು ‘ಸಂಧಿ’ ಎಂದು ಒತ್ತಿದರೆ ಅರ್ಧ ನಿಮಿಷದ ಧ್ಯಾನದ ನಂತರ ‘ಸ’ ಪ್ರತ್ಯಕ್ಷವಾಗುತ್ತಿತ್ತು. ಅರ್ಧವಾರ್ಷಿಕ ಪರೀಕ್ಷೆ ಹತ್ತಿರವಾದ್ದರಿಂದ ಖಾಜಾನ ಬಳಿಗೆ ಹೋದೆ.

ಖಾಜಾ ಗಣಕಯಂತ್ರಗಳ ರಿಪೇರಿಗಾರ. ಒಂಬತ್ತನೆಯ ತರಗತಿಯವರೆಗೆ ನನ್ನ ಪಕ್ಕದಲ್ಲಿಯೇ ಕುಳಿತು ಓದಿದವನು. ಅಲ್ಲಿಂದ ಅವನು ಬೆಸುಗೆಯ ಕಡೆಗೂ ನಾನು ವ್ಯಾಕರಣದ ಕಡೆಗೂ ತಿರುಗಿದೆವು. “ಇನ್ನೊಂದು ರ‍್ಯಾಮ್ ಹಾಕಿದ್ರ ಓಡ್ತೈತಿ ನೋಡು. ಯಂತ್ರಕ್ಕ ನೆನಪಿನ ಶಕ್ತಿ ಸಾಲವಲ್ದು, ಅಷ್ಟಾ” ಎಂದು ಬೆರಳುದ್ದದ ಹಸಿರು ಪಟ್ಟಿಯೊಂದನ್ನು ತೆಗೆದು, ತನ್ನ ಯಂತ್ರಕ್ಕೆ ಸಿಕ್ಕಿಸಿ, ನಡೆಸಿ ತೋರಿಸಿದ. ಪೆಟ್ಟಿಗೆ ಇಲ್ಲಿಗೇ ತಂದರೆ ತಾನೇ ಹಾಕಿಕೊಡುವೆನೆಂದ. ನಾನು ಒಪ್ಪಲಿಲ್ಲ. ಪೆಟ್ಟಿಗೆ ಅವನ ಕೈಸೇರಿದರೆ ಒಳಗಿನ ಯಾವ ಅಂಗ ಯಾವುದಕ್ಕೆ ಬದಲಾದೀತೋ ಬಲ್ಲವರಾರು? ಅಷ್ಟೇ ಅಲ್ಲ, ಪಟ್ಟಿಯ ಮೇಲಿನ ಉದ್ದನೆಯ ಸಂಖ್ಯೆಯನ್ನು ಅವನ ಕಣ್ಣೆದುರೇ ಕಿರುಪುಸ್ತಕದಲ್ಲಿ ಬರೆದುಕೊಂಡೆ. ಖಾಜಾ ನಕ್ಕು, “ಬರ್ಕೋ ಮಾಸ್ತರ, ಬರ್ಕೋ. ಅದರ ಹಲ್ಲು ಮಾತ್ರ ಮುಟ್ಟಬ್ಯಾಡ” ಎಂದ. ಹಲ್ಲೆಂದರೆ ಪಟ್ಟಿಯ ಅಂಚಿನ ಬಂಗಾರಬಣ್ಣದ ಗೆರೆಗಳು. ಪಟ್ಟಿಯನ್ನು ಅವನು ಚಿಕ್ಕ ಡಬ್ಬಿಯಲ್ಲಿಟ್ಟು ಕೊಟ್ಟ; ರಾತ್ರಿ ಅದು ದೇವರ ಜಗಲಿಯ ಮೇಲಿತ್ತು.

ಮರುದಿನ ಬೆಳಿಗ್ಗೆ ಸ್ನಾನ, ಪೂಜೆ ಮುಗಿಸಿ, ಶುಚಿರ್ಭೂತನಾಗಿ ಪೆಟ್ಟಿಗೆಯನ್ನು ಬಿಚ್ಚಿ, ಪಟ್ಟಿಯನ್ನು ಹಳೆಯ ಪಟ್ಟಿಯ ಪಕ್ಕದ ಸೀಳುಗಂಡಿಯಲ್ಲಿ ಒತ್ತಿ ಕೂರಿಸಿ ಗುಂಡಿ ಅದುಮಿದೆ. ಪರದೆ ಕಪ್ಪಾಗಿಯೇ ಉಳಿಯಿತು. ನಂತರ ಕೂಗು ಬಂತು, ಒಂದಲ್ಲ, ಮೂರು, ಮೂರೂ ದೀರ್ಘ. ಅಂತೂ ಇಷ್ಟು ವರ್ಷ ನಾನು ನಿರೀಕ್ಷಿಸುತ್ತಿದ್ದುದು ಬಂದೇ ಬಂದಿತು! ನಿಜ ಹೇಳಬೇಕೆಂದರೆ, ಓದುಗರೇ, ಆ ಕ್ಷಣ ನನಗಾದದ್ದು ದುಃಖಕ್ಕಿಂತ ಸಮಾಧಾನವೇ.

ಆದರೂ ವಿದ್ಯಾವಂತನು ವಿಧಿವತ್ತಾಗಿ ಪರೀಕ್ಷಿಸಬೇಕು. ಹೊಸದನ್ನು ತೆಗೆದು ಹಳೆಯದೊಂದನ್ನೇ ಇಟ್ಟೆ: ಒಂದು ಕೂಗು, ಕ್ಷೇಮ. ಹಳೆಯದನ್ನು ತೆಗೆದು ಹೊಸದೊಂದನ್ನೇ ಇಟ್ಟೆ: ಮೂರು. ಸೀಳುಗಂಡಿ ಬದಲಿಸಿದೆ: ಮತ್ತೆ ಮೂರು. ನೆಲ ಒರೆಸಿದ ಹೆಂಡತಿಯನ್ನೂ ಗೋಡೆಯ ಹಲ್ಲಿಯನ್ನೂ ಖುಲಾಸೆ ಮಾಡಿದ ಮೇಲೆ ಆರೋಪಿ ಸ್ಥಾನದಲ್ಲಿ ಉಳಿದವನು ಖಾಜಾ ಒಬ್ಬನೇ. ಸಂಖ್ಯೆ ತಾಳೆಯಾಗುತ್ತಿದೆಯಲ್ಲಾ ಎಂದರೆ, ಸಂಖ್ಯೆಯನ್ನೂ ಸೃಷ್ಟಿಸಬಲ್ಲ ಜಾಣನಿರಬೇಕು!

ಪಟ್ಟಿಯನ್ನು ಡಬ್ಬಿಗೆ ಹಾಕಿಕೊಂಡು ಖಾಜಾನ ಅಂಗಡಿಗೆ ಹೋದೆ. ಅಲ್ಲಿ ಆಗ ನಾಲ್ಕಾರು ಗಿರಾಕಿಗಳಿದ್ದರು. ನಾನು ದಾರಿಯುದ್ದಕ್ಕೂ ತಿದ್ದಿತೀಡಿಕೊಂಡು ಬಂದಿದ್ದ ವಾಕ್ಯವನ್ನು ಎಲ್ಲರಿಗೂ ಕೇಳಿಸುವಂತೆ ಉಚ್ಚರಿಸಿದೆ: “ನೀವು ನನಗೆ ತೋರಿಸಿದ್ದು ಒಂದು, ಕೊಟ್ಟದ್ದು ಇನ್ನೊಂದು ಎಂಬುದು ಸಂಶಯಾತೀತವಾಗಿ ಸಿದ್ಧವಾಗಿದೆ.”

ಖಾಜಾ ಬೆಸುಗೆಯ ಕಡ್ಡಿಯನ್ನು ಕೆಳಗಿಟ್ಟ. “ಏನಲೇ, ಪುಸ್ತಕದಾಗ ಬೈಯಾಕ ಹತ್ತೀದಿ? ತಾ ಇಲ್ಲಿ” ಎಂದು ಡಬ್ಬಿ ತೆರೆದು ಪಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದ. ಬೆರಳಿನಿಂದ ಹಲ್ಲನ್ನು ಸವರಿ, ಮೂಸಿ ನೋಡಿದ. “ಇದಕ್ಕ ವಿಭೂತಿ ಯಾರು ಹಚ್ಯಾರ?”

ಎಲ್ಲರೂ ನನ್ನತ್ತ ತಿರುಗಿದರು. ಬಂಗಾರದ ಗೆರೆಗಳ ಮೇಲೆ ಬೂದುಬಣ್ಣದ ತೆಳುಪದರ ಒಣಗಿ ಕೂತಿತ್ತು. “ಅವ್ವ ಹಚ್ಚಿರಬೇಕು” ಎಂದೆ. ಅಷ್ಟು ಶೀಘ್ರವಾಗಿ ನಾನು ಯಾವ ಪ್ರಶ್ನೆಗೂ ಉತ್ತರಿಸಿದ್ದಿಲ್ಲ. ಗಿರಾಕಿಯೊಬ್ಬರು, “ಪೆದ್ದೋಳ್ಳು ಅಂತೇ, ಸಾರ್” ಎಂದು, ಹಿರಿಯರೆಂದರೆ ಹಾಗೆಯೇ ಎಂದು, ತೆಲುಗಿನಲ್ಲಿ ಸಾಂತ್ವನ ಹೇಳಿದರು. ನಾನು ಅದನ್ನೂ ಸ್ವೀಕರಿಸಿದೆ. ಖಾಜಾ ಮೇಜಿನ ಖಾನೆ ಎಳೆದ. ಮಕ್ಕಳ ಅಳಿಸುವ ರಬ್ಬರಿನಿಂದ ಹಲ್ಲುಗಳನ್ನು ಮೆಲ್ಲಗೆ ಉಜ್ಜಿ, ತನ್ನ ಯಂತ್ರಕ್ಕೆ ಸಿಕ್ಕಿಸಿದ. ಒಂದು ಕೂಗು. “ಒಯ್ಯಿ” ಎಂದ. ರಬ್ಬರನ್ನೂ ನನ್ನ ಕೈಗಿಟ್ಟ. ಸಂಶಯಾತೀತವಾಗಿ ಸಿದ್ಧವಾಗಿದ್ದ ಆ ವಾಕ್ಯವನ್ನು ನಾನು ಹಿಂತೆಗೆದುಕೊಳ್ಳಲಿಲ್ಲ.

ಮನೆಗೆ ಬಂದು ಅವ್ವನಿಗೆ ವಿದ್ಯುನ್ಮಾನ ವಸ್ತುಗಳ ಮೇಲೆ ಭಸ್ಮದ ದುಷ್ಪರಿಣಾಮಗಳನ್ನು ಕುರಿತು ಉಪನ್ಯಾಸ ಆರಂಭಿಸಿದೆ. ಅವ್ವ ಕಾಳು ಆರಿಸುವುದನ್ನು ನಿಲ್ಲಿಸಲಿಲ್ಲ.

“ನಾ ಡಬ್ಬಿ ಮ್ಯಾಲೆ ಹಚ್ಚೀನಿ. ಒಳಗಿಂದು ನಾ ಮುಟ್ಟೀನೇನು? ನೀನಾ ಜಗಲಿ ಮುಂದ ಕುಂತು ಅದನ್ನ ತಗದು, ಪುಸ್ತಕ ನೋಡಿಕೋತ ಏನೋ ಎಣಸ್ತಿದ್ದಿ. ದೇವರ ಮುಂದ ಎಂಥಾ ಎಣಿಕೆಪಾ ಅಂದೆ, ನಿನಗ ಕೇಳಿಸ್ಲೇ ಇಲ್ಲ.”

ಡಬ್ಬಿಯನ್ನು ನೋಡಿದೆ. ಅದರ ಮೇಲೆ ಗೀಟುಗೋಲು ಇಟ್ಟು ಎಳೆದಂಥ ಮೂರು ಗೆರೆಗಳಿದ್ದವು. ಆಗ ನೆನಪಾಯಿತು. ಪೂಜೆಯ ನಡುವೆಯೇ ಸಂಖ್ಯೆಯ ಚಿಂತೆ ಹುಟ್ಟಿ, ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ ಪಟ್ಟಿ ಬದಲಾಗಿಲ್ಲವೆಂದು ಖಚಿತಪಡಿಸಿಕೊಳ್ಳಲು, ಹಸಿ ವಿಭೂತಿಯ ಕೈಯಿಂದಲೇ ಅದನ್ನು ಹೊರತೆಗೆದು, ಅಂಚನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು, ಅಂಕಿ ಅಂಕಿಯಾಗಿ ಮೂರನೆಯ ಸಲ ತಾಳೆ ನೋಡಿದ್ದೆ. ಮೋಸವಿಲ್ಲವೆಂದು ಓದಿ ಮುಗಿಸುವಷ್ಟರಲ್ಲಿ ಪಟ್ಟಿಯನ್ನು ನಾನೇ ಕೆಡಿಸಿದ್ದೆ.

ಹೀಗಾಗಿ ಅದೇ ಸಂಜೆ ನಾನು ಹಿಂತೆಗೆದುಕೊಳ್ಳಬೇಕಾದ ಮಾತುಗಳು ಎರಡಾದವು. ಅಂಗಡಿ ಖಾಲಿಯಾಗಲೆಂದು ಎದುರಿನ ಚಹಾದ ಬಂಡಿಯ ಬಳಿ ಕೆಲಕಾಲ ನಿಂತೆ. ಆಮೇಲೆ, ಆಪಾದನೆ ಸಭೆಯಲ್ಲಿ ನಡೆದದ್ದು, ತಪ್ಪೊಪ್ಪಿಗೆ ಮಾತ್ರ ಏಕಾಂತದಲ್ಲೇಕೆ ಎನಿಸಿ ಗಿರಾಕಿಗಳಿರುವಾಗಲೇ ಒಳಗೆ ಹೋದೆ. ಒಂದು ಗಂಭೀರವಾದ ವಾಕ್ಯವನ್ನು ಈ ಸಲವೂ ಸಿದ್ಧಪಡಿಸಿಕೊಂಡಿದ್ದೆ. ಬಾಯಿ ತೆರೆದಾಗ ಹೊರಟದ್ದು ಬೇರೆ.

“ಖಾಜಾ, ವಿಭೂತಿ ಅವ್ವ ಹಚ್ಚಿದ್ದಲ್ಲೋ. ನಂದಾ ಕೈ. ನಿನ್ನ ಸುಳ್ಳಾ ಕಳ್ಳ ಅಂದೆ.”

ಒಬ್ಬಿಬ್ಬರು ನಕ್ಕರು. ಖಾಜಾ ತಲೆಯೆತ್ತದೆ, ನನಗಷ್ಟೇ ಕೇಳುವಂತೆ, “ಗೊತ್ತಿತ್ತಲೇ” ಎಂದ. “ಅವ್ವಂದು ನಿನ್ನ ಡಬ್ಬಿ ಮ್ಯಾಲೆ ನೋಡಿದ್ನಲ್ಲ, ಮೂರು ಗೆರಿ, ಚಂದಾಗಿ. ಹಲ್ಲಿನ ಮ್ಯಾಲೆ ಇದ್ದಿದ್ದು ಹೆಬ್ಬಟ್ಟು.”

“ಆವಾಗ ಯಾಕ ಹೇಳ್ಲಿಲ್ಲ?”

“ನಾಕು ಮಂದಿ ಮುಂದ ಮಾಸ್ತರ ಮರ್ಯಾದಿ ತಗೀಲೇನು? ಅವ್ವನ ಹೆಸರಿಗೆ ಯಾರೂ ನಗಂಗಿಲ್ಲ. ಈಗ ನೀನಾ ತಕ್ಕೊಂಡಿ, ನಾ ಏನ್ ಮಾಡ್ಲಿ?”

ಮೋಸವನ್ನು ಹುಡುಕಿ ಓದುವುದನ್ನು ನಾನು ಬಲ್ಲೆ. ಒಬ್ಬ ಮನುಷ್ಯ ನನಗಾಗಿ ನುಂಗಿಕೊಂಡ ಮಾತನ್ನು ಓದುವುದನ್ನು ಯಾವ ತರಗತಿಯಲ್ಲೂ ಕಲಿತಿರಲಿಲ್ಲ. ಒಂಬತ್ತಕ್ಕೇ ಶಾಲೆ ಬಿಟ್ಟವನು ಹೆಬ್ಬೆಟ್ಟಿನ ಒಂದು ಗುರುತಿನಿಂದ ನನ್ನನ್ನು ಆದ್ಯಂತವಾಗಿ ಓದಿ, ಸದ್ದಿಲ್ಲದೆ ಪುಸ್ತಕ ಮುಚ್ಚಿದ್ದ.

ಪ್ರಶ್ನೆಪತ್ರಿಕೆಗಳು ಸಕಾಲದಲ್ಲಿ ಸಿದ್ಧವಾದವು; ‘ಸಂಧಿ’ ಈಗ ಒತ್ತಿದೊಡನೆ ಮೂಡುತ್ತದೆ. ಖಾಜಾ ಕೊಟ್ಟ ರಬ್ಬರು ಪೆಟ್ಟಿಗೆಯ ಮೇಲಿದೆ. ಅವ್ವ ಅದಕ್ಕೂ ಮೂರು ಗೆರೆ ಎಳೆದಿದ್ದಾಳೆ. ಬೆಳಿಗ್ಗೆ ಗುಂಡಿ ಒತ್ತಿದರೆ ಆ ಚಿಕ್ಕ ಕೂಗು ಒಂದೇ ಸಲ ಕೇಳುತ್ತದೆ, ಎರಡನೆಯದಕ್ಕಾಗಿ ನಾನು ಕಾಯುವುದೂ ತಪ್ಪಿಲ್ಲ. ಆದರೆ ಈಗ ಕಾಯುವಾಗ ಯಂತ್ರವನ್ನು ನೋಡುವುದಿಲ್ಲ. ನನ್ನ ಬೆರಳುಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತೇನೆ.