ಟೈರಿನೊಳಗೆ ಆಡಿಸಿದ ಬೆರಳು

ಶಹಾಪುರದ ಸೈಕಲ್ ಉಸ್ತಾದರ ನಕಲು ಮಾಡುವುದರಲ್ಲಿ ನನ್ನನ್ನು ಮೀರಿಸಿದವರಿರಲಿಲ್ಲ. ಟ್ಯೂಬು ಎಲ್ಲಿ ಸೋರುತ್ತಿದೆ ಎಂದು ಕೆನ್ನೆಗೆ ಹಿಡಿದು ನೋಡುವಾಗ ಅವರು ಕಣ್ಣು ಮುಚ್ಚುತ್ತಿದ್ದರು. ನಾನು ಅದನ್ನೇ ತವರಿಗೆ ಹೋದ ಹೆಂಡತಿಯ ಕಾಗದ ಬಂದವನ ಹಾಗೆ ಮಾಡಿ ತೋರಿಸುತ್ತಿದ್ದೆ. ಹೋಟೆಲಿನಲ್ಲಿ ಕುಳಿತವರು ಚಹಾ ಕೆಳಗಿಟ್ಟು ನಗುತ್ತಿದ್ದರು. ಅವರ ಅಂಗಡಿ ಆ ಹೋಟೆಲಿನ ಎದುರಿಗೇ ಇದೆ ಎಂಬುದು ನನಗೆ ಗೊತ್ತಿರಲಿಲ್ಲವೆಂದೇನಲ್ಲ.

ನಮ್ಮ ಸೀಮೆ ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷ ಸುರಪುರದ ಹತ್ತಿರ ದೇವಾಪುರದ ಶಾಲೆಯಲ್ಲಿ ನನಗೆ ಮಾಸ್ತರಿಕೆ ಸಿಕ್ಕಿತು. ನಿಜಾಮರ ಕಾಲದಲ್ಲಿ ಉರ್ದುವಿನಲ್ಲಿ ಓದಿದವನು ಕನ್ನಡ ಕಲಿಸಬೇಕು. ನನ್ನ ಬರಹದ ಕನ್ನಡವೂ ಧಾರವಾಡದ ಕಡೆಯಿಂದ ಬಂದ ಶಾಲಾ ಇನ್ಸ್‌ಪೆಕ್ಟರರ ನಕಲೇ. ಅದನ್ನು ಯಾರಾದರೂ ಒಂದು ದಿನ ಕಂಡುಹಿಡಿಯುತ್ತಾರೆ ಎಂಬ ಹೆದರಿಕೆ ಒಳಗೇ ಇತ್ತು. ಸೋಮವಾರ ಹನ್ನೆರಡು ಗಂಟೆಯೊಳಗೆ ಹಾಜರಾಗದಿದ್ದರೆ ಜಾಗ ಮುಂದಿನವನಿಗೆ ಎಂದು ಆದೇಶದಲ್ಲಿತ್ತು. ಬಸ್ಸು ತನ್ನ ಮರ್ಜಿಗೆ ಬಂದಾಗ ಬರುತ್ತಿದ್ದ ಕಾಲ. ಅಪ್ಪನ ಸೈಕಲ್ಲೇ ಗತಿ, ಅದರ ಹಿಂದಿನ ಟೈರು ನೂಲು ಕಾಣುವಷ್ಟು ಸವೆದಿತ್ತು.

ರವಿವಾರ ಸೈಕಲ್ ತಳ್ಳಿಕೊಂಡು ಉಸ್ತಾದರ ಬಳಿ ಹೋದೆ. ಅವರು ಬೀಡಿ ಹಚ್ಚಿ ಸ್ಟೂಲಿನ ಮೇಲೆ ಕುಳಿತರು.

"ನನ್ನ ಕೆಲಸ ನನಗಿಂತ ಛಲೋ ಮಾಡ್ತಿ ಅಂತಾರಲ್ಲೋ ಮಂದಿ. ಮಾಡು ಮತ್ತ, ನಾ ನೋಡ್ತೀನಿ."

ಹೋಟೆಲಿನವರೆಲ್ಲ ಎದ್ದು ಬಂದರು. ಜನ ಸೇರಿದ ಮೇಲೆ ನನ್ನನ್ನು ಹಿಡಿಯುವವರು ಯಾರು? ಬೇವಿನ ಗಿಡಕ್ಕೆ ತೂಗುಹಾಕಿದ್ದ ಹಳೆಯ ಟೈರುಗಳಲ್ಲಿ ಗಟ್ಟಿಯಾದದ್ದೊಂದನ್ನು ಆರಿಸಿದೆ. ಉಸ್ತಾದರ ಹಾಗೆ ಕೆಮ್ಮಿದೆ, ಗಾಲಿಯನ್ನು ಬೈದೆ, ಕಬ್ಬಿಣದ ಪಟ್ಟಿ ಹಾಕಿ ಸವೆದ ಟೈರು ಎಬ್ಬಿಸಿದೆ. ಟ್ಯೂಬಿಗೂ ಒಂದು ಮುತ್ತು ಕೊಟ್ಟೆ. ಎಲ್ಲರೂ ನಕ್ಕರು. ಆಶ್ಚರ್ಯವೆಂದರೆ ಟೈರೂ ಕೂತಿತು. ಎಲ್ಲಾ ಮುಗಿಯಿತೇ ಎಂದು ಉಸ್ತಾದರು ಕೇಳಿದರು. ಅವರದೇ ದನಿಯಲ್ಲಿ ಮುಗಿಯಿತು ಎಂದೆ. ಅವರು ಒಂದು ಅರಿವೆಯ ಗಂಟನ್ನು ಕ್ಯಾರಿಯರಿಗೆ ಕಟ್ಟಿ, ವಾಪಸು ತಂದುಕೊಡು ಎಂದರು.

ಮರುದಿನ ಅರ್ಧ ದಾರಿಗೆ ಹಿಂದಿನ ಗಾಲಿ ಕುಸಿಯಿತು. ಎರಡೂ ಕಡೆ ಕಪ್ಪು ಎರಿ ಮಣ್ಣಿನ ಹೊಲ, ಊರಿನ ಸುಳಿವಿಲ್ಲ. ಗಂಟು ಬಿಚ್ಚಿದರೆ ಅಂಟಿನ ಸೊಲ್ಯೂಷನ್ ಡಬ್ಬಿ, ರಬ್ಬರಿನ ತುಂಡು, ಟ್ಯೂಬು ಉಜ್ಜುವ ಉಪ್ಪುಕಾಗದ, ಟೈರು ಎಬ್ಬಿಸುವ ಎರಡು ಪಟ್ಟಿ. ಪಂಪು ಸೈಕಲ್ಲಿನಲ್ಲೇ ಇತ್ತು. ನೀರಿಲ್ಲದ್ದರಿಂದ ಟ್ಯೂಬು ಕೆನ್ನೆಗೆ ಹಿಡಿದೆ. ತಣ್ಣಗೆ ಗಾಳಿ ತಾಗಿತು. ನನ್ನ ಕಣ್ಣು ತಾನಾಗಿ ಮುಚ್ಚಿತು. ಹಾಗೆ ಮುಚ್ಚದಿದ್ದರೆ ಅಷ್ಟು ಸಣ್ಣ ಗಾಳಿ ತಿಳಿಯುವುದಿಲ್ಲ. ಅಷ್ಟು ದಿನ ನಾನು ಮಂದಿಯನ್ನು ನಗಿಸಿದ್ದು ಇದನ್ನೇ ಮಾಡಿ ತೋರಿಸಿ.

ತುಂಡು ಹಚ್ಚಿ ಟೈರು ಮುಚ್ಚುವಷ್ಟರಲ್ಲಿ, ಕುರಿ ಹೊಡೆದುಕೊಂಡು ಬಂದ ಮುದುಕಿಯೊಬ್ಬಳು ಕೋಲೂರಿ ನಿಂತಳು. ಅಷ್ಟು ಹೊತ್ತಿನಲ್ಲೂ ನನಗೆ ಅವಳನ್ನು ನಗಿಸುವ ಚಪಲ. ಕೆಮ್ಮಿ ಗಾಲಿಯನ್ನು ಬೈದೆ. ಅವಳು ಉಸ್ತಾದರನ್ನು ಕಂಡವಳಲ್ಲ, ನಗಲಿಲ್ಲ.

"ಮುಳ್ಳು ತಗದಿಯೇನೋ ತಮ್ಮಾ? ಕುರಿ ಕುಂಟಿದ್ರ ನಾವು ಮೊದಲ ಗೊರಸಿನ್ಯಾಗ ಬೆರಳು ಆಡಸ್ತೀವಿ."

ಉಸ್ತಾದರೂ ಆಡಿಸುತ್ತಿದ್ದರು. ಟೈರು ಹಾಕುವ ಮೊದಲು ಒಳಗೆ ಸುತ್ತಲೂ, ಮಾತಿಲ್ಲದೆ, ನಿಧಾನವಾಗಿ. ನೂರು ಸಲ ನೋಡಿದ್ದೆ. ಅದಕ್ಕೆ ಯಾರೂ ನಗುವುದಿಲ್ಲವೆಂದು ನನ್ನ ನಕಲಿನಿಂದ ಬಿಟ್ಟಿದ್ದೆ.

ಬೆರಳು ಆಡಿಸಿದೆ. ಆ ಹಳೆಯ ಟೈರಿನಲ್ಲಿ ಮುರಿದು ಉಳಿದಿದ್ದ ಜಾಲಿ ಮುಳ್ಳಿನ ತುದಿ ನನ್ನನ್ನೂ ಚುಚ್ಚಿತು. ಅದನ್ನು ಕಿತ್ತು, ಟೈರು ಕೂಡಿಸಿ, ಗಾಳಿ ತುಂಬಿ ಪೆಡಲು ತುಳಿದೆ.

ದೇವಾಪುರ ಮುಟ್ಟಿದಾಗ ಹೆಡ್‌ಮಾಸ್ತರರು ಗಡಿಯಾರ ನೋಡಿ, ಕೈ ತೊಳೆದು ಬಂದು ಸಹಿ ಹಾಕು ಎಂದರು. ತೊಳೆಯುತ್ತ ನಿಂತರೆ ಹನ್ನೆರಡು ದಾಟೀತೆಂದು ಹಾಗೇ ಹಾಕಿದೆ. ಹಾಜರಿ ಪುಸ್ತಕದಲ್ಲಿ ಇಂದಿಗೂ ನನ್ನ ಹೆಸರಿಗಿಂತ ಹೆಬ್ಬೆರಳಿನ ಗುರುತೇ ಸ್ಪಷ್ಟ.

ಮುಂದಿನ ರವಿವಾರ ಗಂಟು ಕೊಡಲು ಹೋದೆ. ನಾನು ಬೆರಳು ಆಡಿಸಿಲ್ಲ ಎಂದು ಆಗಲೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಹೇಳಿದ್ರ ಅದಕ್ಕೂ ಮಂದೀನ ನಗಸ್ತಿದ್ದಿ," ಎಂದರು ಉಸ್ತಾದರು.

ಹೌದು, ನಗಿಸುತ್ತಿದ್ದೆ. ಊರಿಗೆ ಬಂದಾಗ ಈಗಲೂ ಎದುರಿನ ಹೋಟೆಲಿನಲ್ಲಿ ಅವರ ನಕಲು ಮಾಡುತ್ತೇನೆ, ಅವರೂ ಕೇಳಿಸಿಕೊಳ್ಳುತ್ತಾರೆ. ಬೆರಳು ಆಡಿಸುವ ಹೊತ್ತಿಗೆ ಜನ ಬೇಸರದಿಂದ ಚಹಾಕ್ಕೆ ತಿರುಗುತ್ತಾರೆ. ಆದರೂ ಒಂದು ಸುತ್ತು ಪೂರ್ತಿ ಆಡಿಸಿಯೇ ಮುಂದಕ್ಕೆ ಹೋಗುತ್ತೇನೆ.