ಹೆಸರು ಹಿಡಿದು ಕರೆದಾಗ

“ಕೂಸಿನ ಹೆಸರೇನವಾ?”

ರೊಟ್ಟಿ ಬುಟ್ಟಿಯಲ್ಲಿ ಹತ್ತಿ ಹಾಸಿ, ಏಳು ತಿಂಗಳಿಗೇ ಹುಟ್ಟಿದ ನನ್ನ ಮಗಳನ್ನು ಮಲಗಿಸುತ್ತ ಡಾಕ್ಟರ್ ಬಾಯಿಯವರು ಕೇಳಿದರು. ಇಂಥ ಕೂಸುಗಳನ್ನು ಉಳಿಸುತ್ತಾರೆಂದು ಇಂಡಿ, ಸಿಂದಗಿಯವರೂ ಅವರನ್ನು ಹುಡುಕಿಕೊಂಡು ಮುದ್ದೇಬಿಹಾಳಕ್ಕೆ ಬರುತ್ತಿದ್ದರು.

ನಮ್ಮತ್ತೆ ಗಾಬರಿಯಾದರು. “ತೊಟ್ಟಿಲಕ್ಕ ಹಾಕೂಮಟ ಹೆಸರ ಇಡಬಾರದ್ರಿ ಬಾಯಾರ. ಜೀವ ಗಟ್ಟಿ ಆಗಲಿ, ಆಮ್ಯಾಲ ನೋಡೂಣು.”

“ಇಷ್ಟ ಸಣ್ಣ ಕೂಸು ಉಸರಾಡೂದ ಮರೀತೈತಿ, ಯಮ್ಮಾ. ಮರತಾಗ ಅಂಗಾಲ ತಟ್ಟಿ, ಹೆಸರ ಹಿಡದ ಕರೀರಿ. ಹೆಸರ ಇಲ್ಲಂದ್ರ ಏನಂತ ಕರೀತೀರಿ?”

“ಕಸ್ತೂರಿ” ಎಂದುಬಿಟ್ಟೆ ನಾನು. ಅತ್ತೆ ಮುಖ ತಿರುಗಿಸಿದರು.

ಕಿಟಕಿಯ ಬಿಸಿಲಿನಲ್ಲಿ ಹತ್ತಿಯ ಎಳೆಗಳು ತೇಲುತ್ತಿದ್ದವು. ಕೂಸಿನ ಎದೆ ನಿಂತಂತೆ ಕಂಡಾಗಲೆಲ್ಲ ಅಂಗಾಲು ತಟ್ಟಿ ಕರೆಯುತ್ತಿದ್ದೆ. ಒಂದು ಮಧ್ಯಾಹ್ನ ನನಗೇ ಜೋಂಪು ಹತ್ತಿತು. ಎಲ್ಲೋ ದೂರದಲ್ಲಿ ಯಾರೋ ಜೋಗುಳದ ಹಾಗೆ “ಕಸ್ತೂರೀ, ಕಸ್ತೂರೀ” ಎನ್ನುತ್ತಿದ್ದರು. ಕಣ್ಣು ಬಿಟ್ಟೆ. ಬುಟ್ಟಿಯ ಮೇಲೆ ಬಾಗಿ ಕರೆಯುತ್ತಿದ್ದವರು ನಮ್ಮತ್ತೆ.

ಈಗ ಕಸ್ತೂರಿ ತಾಳಿಕೋಟೆಯ ನಮ್ಮ ಓಣಿಯಲ್ಲಿ ಕುಂಟಬಿಲ್ಲೆ ಆಡುತ್ತಾಳೆ. ಒಂದು ಕರೆಗೆ ಓಗೊಡುವವಳಲ್ಲ. ಅವಳು “ಬಂದ್ನೆವ್ವಾ” ಎನ್ನುವವರೆಗೆ ಉಸಿರಾಡುವುದನ್ನು ಮರೆಯುವವಳು ನಾನು.