ಎದುರು ಬದಿಯ ಹಿತ್ತಾಳೆ ತುಂಡು

ಕಡು ಬೇಸಿಗೆಯ ಒಂದು ಬೆಳಿಗ್ಗೆ, ಮೊದಲ ಪಾಳಿಯ ಸೈರನ್ ನಿಂತ ಹೊತ್ತಿಗೆ, ವಿದ್ಯುತ್ ವಿಭಾಗದ ಮೇಲ್ವಿಚಾರಕಿಯಾಗಿ ನಮ್ಮ ನೇಯ್ಗೆ ಗಿರಣಿಯ ಮೆಟ್ಟಿಲು ಹತ್ತಿದವರು, ಮುಂದೆ ತಂತಿ, ಸ್ವಿಚ್ಚುಗಳ ಕೆಲಸದಲ್ಲಿ ಅವರ ಸಮಕ್ಕೆ ನಿಲ್ಲುವವರಿಲ್ಲವೆಂದು ಎಲ್ಲರಿಂದಲೂ ಅನ್ನಿಸಿಕೊಂಡವರು, ನಾವೆಲ್ಲ ತಂತಿಯಕ್ಕ ಎಂದು ಕರೆಯುವ ಈ ಮಾನ್ಯರು.

ಅವರು ಬಂದ ವಾರದಲ್ಲೇ, ಇಂಜಿನ್ ಮನೆಯಲ್ಲಿ ಇಂಜಿನ್ ಓಡಿಸುವ, ನಾವೆಲ್ಲ ಅಣ್ಣ ಎನ್ನುವ ಹಿರಿಯನ ಕುತ್ತಿಗೆಗೆ ಬಂದಿತ್ತು. ಮಗ್ಗಗಳಲ್ಲಿ ನೂಲು ಪಟಪಟನೆ ಹರಿದು ತುಂಡಾಗುತ್ತಿತ್ತು. ಮಗ್ಗಗಳನ್ನೆಲ್ಲ ಓಡಿಸುವ ಉದ್ದನೆಯ ಶಾಫ್ಟನ್ನು ಈತ ಮಿತಿಮೀರಿ ತಿರುಗಿಸುತ್ತಾನೆ, ಕಿವಿಯೂ ಮಂದ, ಇವನನ್ನು ಗೇಟು ಕಾಯಲು ಹಾಕುವುದೇ ಸರಿ ಎಂದರು ಮ್ಯಾನೇಜರು. ವೇಗದ ಮಾಪಕ ಎಂದೋ ಕೆಟ್ಟುಹೋಗಿತ್ತು. ಅಣ್ಣನಿಗೋ ಇಂಜಿನ್ ಬಿಟ್ಟರೆ ಬೇರೆ ಪ್ರಪಂಚವಿರಲಿಲ್ಲ.

“ಮೊದಲು ಅಳೆದು ನೋಡೋಣ ಅಣ್ಣ. ಆಮೇಲೆ ಯಾರು ಏನು ಬೇಕಾದ್ರೂ ಮಾತಾಡ್ಲಿ,” ಎಂದರು ತಂತಿಯಕ್ಕ.

ಬೀರುವಿನ ಬಾಗಿಲಿನಿಂದ ಕಿತ್ತ ಪುಟ್ಟ ಅಯಸ್ಕಾಂತ, ಅದು ಎದುರು ಬಂದಾಗಲೆಲ್ಲ ಕೂಡಿಕೊಳ್ಳುವ ಒಂದು ಸ್ವಿಚ್ಚು, ಆ ಸ್ವಿಚ್ಚಿನ ತಂತಿಯನ್ನು ಬೆಸೆದ ಹಳೆಯ ಕ್ಯಾಲ್ಕುಲೇಟರು: ಅವರು ಕಟ್ಟಿದ ಮಾಪಕವೆಂದರೆ ಇಷ್ಟೇ. ಸ್ವಿಚ್ಚು ಕೂಡಿದಂತೆಲ್ಲ ಕ್ಯಾಲ್ಕುಲೇಟರು ಒಂದೊಂದೇ ಎಣಿಸುತ್ತ ಹೋಗುತ್ತದೆ. ಮನೆಯಲ್ಲಿ ಹೊಲಿಗೆ ಯಂತ್ರದ ಚಕ್ರಕ್ಕೆ ಅಂಟಿಸಿ ಪರೀಕ್ಷಿಸುವಾಗ, ಪಾಪ, ಅದಕ್ಕೂ ಹಾಜರಿ ಹಾಕ್ತೀಯಾ ಎಂದು ಅವರ ಅತ್ತೆ ಛೇಡಿಸಿದರಂತೆ. ಎಣಿಕೆ ಮಾತ್ರ ಸರಿಯಾಗಿತ್ತು.

ಮರುದಿನ ಅದನ್ನು ಗಿರಣಿಯ ಶಾಫ್ಟಿಗೆ ಹೂಡಿ, ಗೋಡೆ ಗಡಿಯಾರದ ಮುಳ್ಳು ನೋಡುತ್ತ ನಿಮಿಷ ಕಾದರು. ಬಂದ ಎಣಿಕೆ ಇರಬೇಕಾದ್ದಕ್ಕಿಂತ ಎರಡು ಪಟ್ಟು. ಮ್ಯಾನೇಜರು ಬಾಯಿಗೆ ಬಂದಂತೆ ಬೈದರು. ಅಣ್ಣ ಇಂಜಿನ್ ಮನೆಯ ಬೀಗದ ಕೈಯನ್ನು ಮೇಜಿನ ಮೇಲಿಟ್ಟ.

ತಂತಿಯಕ್ಕ ಇಂಜಿನ್ ನಿಲ್ಲಿಸಲು ಹೇಳಿ, ಶಾಫ್ಟನ್ನು ಕೈಯಿಂದಲೇ ಮೆಲ್ಲಗೆ ಒಂದು ಸಲ ತಿರುಗಿಸಿದರು. ಎಣಿಕೆ ಎರಡಾಯಿತು. ಅವರ ಮುಖ ಕೆಂಪೇರಿತು. ತಿರುಗುವ ಶಾಫ್ಟಿನ ಒಂದು ಬದಿಗೆ ಭಾರ ಬೀಳಬಾರದೆಂದು ಇಲ್ಲಿ ಹೂಡುವಾಗ ಎದುರು ಬದಿಗೂ ಇನ್ನೊಂದು ಅಯಸ್ಕಾಂತವನ್ನು ಅಂಟಿಸಿದವರು ಅವರೇ.

“ತಪ್ಪು ನಂದು ಸಾರ್, ಅಣ್ಣಂದಲ್ಲ. ಒಂದನ್ನ ಎರಡು ಅಂತ ಎಣಿಸ್ತಿದೆ.”

“ಹಾಗಾದ್ರೆ ನಾನು ಬೈದದ್ರಲ್ಲಿ ಅರ್ಧ ವಾಪಸ್ ತಗೋಬೇಕೇನಮ್ಮ?”

“ಪೂರ್ತಿ ತಗೊಳ್ಳಿ ಸಾರ್.”

ಎಲ್ಲರೂ ನಕ್ಕರು, ಮ್ಯಾನೇಜರೂ ನಕ್ಕು ಬೀಗದ ಕೈಯನ್ನು ಅಣ್ಣನ ಕಡೆ ಸರಿಸಿದರು. ಅಣ್ಣ ಅಲ್ಲೇ ಎಣ್ಣೆ ಡಬ್ಬದ ಮೇಲೆ ಕುಳಿತು ಉಸಿರು ಬಿಟ್ಟ. ನೂಲು ಹರಿಯುತ್ತಿದ್ದುದು ಒಣ ಗಾಳಿಗೆ. ಮಗ್ಗದ ಮನೆಯ ನೆಲಕ್ಕೆ ನೀರು ಚಿಮುಕಿಸುತ್ತಲೇ ಅದು ತಹಬಂದಿಗೆ ಬಂತು. ಎರಡನೆಯ ಅಯಸ್ಕಾಂತದ ಜಾಗಕ್ಕೆ ಅದರಷ್ಟೇ ತೂಕದ, ಆದರೆ ಸ್ವಿಚ್ಚನ್ನು ಕೆಣಕದ ಹಿತ್ತಾಳೆ ತುಂಡು ಬಂತು. ಅದು ಇಂದಿಗೂ ಅಲ್ಲೇ ತಿರುಗುತ್ತಿದೆ.

ಮುಂದೆ ಅಣ್ಣನ ಕಿವಿ ನಿಜಕ್ಕೂ ಕೈಕೊಟ್ಟಾಗ, ಇಂಜಿನ್ ನಿಲ್ಲಿಸಲು ಬಾರಿಸುವ ಗಂಟೆಯ ಜೊತೆಗೆ ಹೊತ್ತುವ ಕೆಂಪು ದೀಪವೊಂದನ್ನು, ಯಾರಿಗೂ ಹೇಳಿಕೊಳ್ಳದೆ, ಇಂಜಿನ್ ಮನೆಗೆ ಜೋಡಿಸಿಕೊಟ್ಟವರೂ ಅವರೇ. ಆ ದೀಪದ ಬೆಳಕಿನಲ್ಲೇ ಅಣ್ಣ ಮರ್ಯಾದೆಯಿಂದ ನಿವೃತ್ತನಾದ.

ತಂತಿಯಕ್ಕನವರ ಆಯುಸ್ಸು ಬೆಳೆಯಲಿ. ಅವರ ಕೈಗಳಿಗೆ ಬಿಡುವು ಸಿಕ್ಕರೂ ಬೆಸುಗೆ ಕಡ್ಡಿ ಆರದಿರಲಿ. ಅವರು ನಿವೃತ್ತರಾಗಿ ಗಿರಣಿ ಬಿಟ್ಟದ್ದು ಕಳೆದ ಶುಕ್ರವಾರ. ಅಂದು ಅಣ್ಣ ಬೆಳಗಿನಿಂದ ಗೇಟು ಕಾದ, ಯಾರೂ ಕಾವಲಿಗೆ ಹಾಕದೆ, ತಾನಾಗಿಯೇ, ಅವರನ್ನು ಕಳಿಸಿಕೊಡಲು.